ಬಾಗಲಾ ಹಾಕ್ಕೊಂಡಾಕಿಗೆ

ತಗೀಬ್ಯಾಡ. ಒಳಗ ಕುಂತಽ ಕೇಳು.
ಹೊಸ್ತಿಲದಾಗ ಕುಂತೀನಿ ನಾನೂ, ಚಾದ ಕಪ್ಪು ಹಿಡಕೊಂಡು.
ನಿಮ್ಮವ್ವ ಒಲಿ ಮುಂದಿಂದಽ ಕೈ ಸನ್ನಿ ಮಾಡಾಕತ್ತಾಳ,
ಒದರಬ್ಯಾಡ್ರಿ, ಮೆತ್ತಗ ಹೇಳ್ರಿ ಅಂತ.
ಮೆತ್ತಗನಽ ಹೇಳಾಕತ್ತೀನಿ.

ಎರಡು ರಾತ್ರಿ ಅಷ್ಟ, ಸಿಂಚನಾ.
ಗುತ್ತಲದಾಚೆ, ತುಂಗಭದ್ರಾ ದಂಡಿಮ್ಯಾಲೆ
ಮೌಲಾಸಾಬನ ಹೊಲಾ.
ಹತ್ತು ವರ್ಷದಿಂದ ಅವನ ಲಾರಿಗೆ ತಾಡಪತ್ರಿ ಹೊಲಿದಾವ ನಾನು;
"ಒಮ್ಮೆರ ಹೆಂಡ್ರು ಮಕ್ಕಳ್ನ ಕರಕೊಂಡು ಬಾರೋ ದೋಸ್ತ" ಅಂತ
ಹತ್ತೂ ವರ್ಷ ಅಂದಾನ.

ನಿನ್ನ ಗೆಳತ್ಯಾರು ದಾಂಡೇಲಿಗೆ ಹೋಗ್ತಾರ, ಗೊತ್ತೈತಿ.
ಅಲ್ಲಿ ಗಾಜಿನ ರೂಮು, ತೂಗು ಖುರ್ಚಿ,
ಮುಂಜಾನಿ ನಾಷ್ಟಾಕ್ಕ ಇಪ್ಪತ್ತು ಥರ.
ಫೋಟೋ ನಾನೂ ನೋಡೇನಿ, ಕದ್ದಲ್ಲ,
ನೀನಽ ತೋರಿಸಿದಿ, ಮನ್ನೆ, ಸುಮ್ಮನ, ಏನೂ ಕೇಳಲಾರದಽ.
ಆ ಕೇಳದಿದ್ದದ್ದಽ
ಕೇಳಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಓಂಕಾರಗ ಲಂಚ ಕೊಟ್ಟೆ. ಒಪ್ಪಿದ.
ಒಂದು ಪವರ್ ಬ್ಯಾಂಕು, ಒಂದು ಗಾಳ,
ಅವನ ಆಟದಾಗ ಬಂದೂಕದ ಬಣ್ಣಾ ಬದಲಾಗತೈತಂತ,
ಅದಕ್ಕೊಂದು ಎಪ್ಪತ್ತೊಂಬತ್ತು ರೂಪಾಯಿ.
ನಿನಗ ಲಂಚ ನಡಿಯೂದಿಲ್ಲ.
ಸಣ್ಣಾಕಿದ್ದಾಗೂ ಹಂಗಽ, ಪೆಪ್ಪರಮೆಂಟು ಇಸಗೊಂಡು
ಇಂಜೆಕ್ಷನ್ ಒಲ್ಲೆ ಅಂದಾಕಿ.

ಹೋದ ವರ್ಷದ್ದು ಮರತಿಲ್ಲ ನಾನು.
ನೀರಸಾಗರದ ಹಂತೇಲಿ, ನಡುರಾತ್ರಿ,
ಮನೀಗೆ ಹೋಗೂಣಂದಿ. ಮಂದಿ ಮುಂದ ಒದರಿದೆ:
"ಏನ್ ಕಡಿಮಿ ಆಗೈತಿ ನಿನಗ?"
ಎಂಟು ದಿವ್ಸ ಆದಮ್ಯಾಲೆ ನಿಮ್ಮವ್ವ ಹೇಳಿದ್ಲು,
ಅಕ್ಕಿ ಆರಿಸಿಕೋತ, ಮಾರಿ ಎತ್ತದಽ:
ಆಕಿ ಸಂಜಿಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ,
ಯಾಕ ಗೊತ್ತೇನು?

ಗೊತ್ತಿರಲಿಲ್ಲ.
ಗಬ್ಬೂರ ಬೈಪಾಸಿನ ಅಂಗಡ್ಯಾಗ ಕುಂತು
ಹತ್ತಿಗೆ, ಸಿಮೆಂಟಿಗೆ, ಬ್ಯಾಡಗಿ ಮೆಣಸಿನಕಾಯಿ ಚೀಲಕ್ಕ
ಒಂದು ಹನಿ ಒಳಗ ಹೋಗದಂಗ ಮರೆ ಮಾಡೇನಿ.
ಮಗಳಿಗೊಂದು ಮರೆ ಬೇಕು ಅಂತ ತಿಳಿಯಾಕ
ಹದಿನಾರು ವರ್ಷ ಹಿಡೀತು.

ಹೊಲದೇನಿ, ಕೇಳು.
ನಾಕು ಬಿದಿರ ಗಳಾ, ನಿನಗಿಂತ ಒಂದು ಮೊಳ ಎತ್ತರ.
ಚೈನು ಒಳಗಿಂದ, ಚೈನಿಗೊಂದು ಕೊಂಡಿ,
ಹೊರಗಿಂದ ಯಾರಿಗೂ ತಗ್ಯಾಕ ಬರದಂಗ.
ಬಕೀಟ ಇಡಾಕ ಹಲಗಿ. ಬ್ಯಾಟರಿ ತೂಗಹಾಕಾಕ ಕೊಕ್ಕಿ.
ಒಳಗ ಇನ್ನೊಂದು ಕಿಸೆ ಹಚ್ಚೇನಿ,
ಯಾತಕ್ಕಂತ ನಿಮ್ಮವ್ವಗ ಗೊತ್ತು, ಅಳತಿ ಆಕೀನಽ ಕೊಟ್ಟಾಳ.
ನಾ ಕೇಳಿಲ್ಲ.

ಅಲ್ಲಿ ಏನೈತಿ ಅಂತೀ.
ಏನೂ ಇಲ್ಲವ್ವಾ. ನೀರೈತಿ. ಉಸುಕೈತಿ.
ರಾತ್ರಿ ಆಚೆ ದಂಡಿಯ ಪಂಪ್‌ಸೆಟ್ಟಿನ ಸಪ್ಪಳಾ.
ನೆಟ್‌ವರ್ಕು ಒಂದ ಕಡ್ಡಿ, ಅದೂ ಬೇವಿನ ಗಿಡದ ಬುಡಕ್ಕ ನಿಂತರ;
ಹೋದ ಐತವಾರ ಹೋಗಿ, ಫೋನು ಎತ್ತಿ ಹಿಡಕೊಂಡು
ಹೊಲದ ತುಂಬ ಹುಚ್ಚನಂಗ ತಿರಗ್ಯಾಡಿ ಹುಡುಕಿದ್ದು.
ಗುರ್ತಿಗೆ ಕಲ್ಲ ಇಟ್ಟು ಬಂದೇನಿ.

ಹಾಡು ಅನ್ನೂದಿಲ್ಲ. ಅಂತ್ಯಾಕ್ಷರಿ ಇಲ್ಲ.
ಫೋಟೋಕ್ಕ ನಗು ಅನ್ನೂದಿಲ್ಲ.
ಎರಡೂ ದಿವ್ಸ ಮಲಗಽ ಇರು, ಎಬ್ಬಸೂದಿಲ್ಲ.
ನಾಲ್ಕೂ ಮಂದಿ ಒಂದಽ ಬಟ್ಟಿ ಕೆಳಗ ಉಸಿರಾಡೂದು
ನನಗೊಮ್ಮೆ ಕೇಳಬೇಕಾಗೈತಿ. ಮುಂದಿನ ವರ್ಷ ನಿಂದು ಪಿಯುಸಿ,
ಆಮ್ಯಾಲ...
ಆಮ್ಯಾಲಿಂದು ಬಿಡು.

ಒಳಗ ಫ್ಯಾನಿನ ಸಪ್ಪಳಾ ಅಷ್ಟ.
ಚಾ ಆರಿತು.
ಎದ್ದೆ, ಮಣಕಾಲು ಚಟ್ ಅಂತು.
ಆವಾಗ ಕಿಸೆದಾಗ ಫೋನು ನಡಗಿತು,
ಮೂರು ಫೂಟ ದೂರದಿಂದ ಬಂದ ಮೆಸೇಜು:
"ನೀಲಿ ಬಣ್ಣದ್ದನ?"

ನೀಲೀನಽ. ನಲವತ್ತು ಮೀಟರ, ಡಬಲ್ ಹೊಲಿಗಿ,
ಊರ ತುಂಬ ಲಾರಿಗೆ ಹೊಚ್ಚಿದ್ದು ಅದಽ.
"ಅಲ್ಲ" ಅಂತ ಬರದು ಕಳಿಸಿದೆ.

ಈಗ ಅಂಗಡಿ ಕೀಲಿ ಹುಡಕಾಕತ್ತೀನಿ.
ಹಸರ ಥಾನು ಅಟ್ಟದ ಮ್ಯಾಲೆ ಇರಬೇಕು, ಇಲಿ ಕಡದಿರದಿದ್ದರ.
ಶನಿವಾರಕ್ಕ ಇನ್ನೂ ಎರಡು ರಾತ್ರಿ ಐತಿ.