ನಾಲ್ಕು ಬೆರಳು ಆಚೆ

ನಾನು ಮೇಷ್ಟರಲ್ಲ. ಜಿಲ್ಲೆಯ ವ್ಯಾನಿನಲ್ಲಿ
ಏಣಿ, ಕೇಬಲ್ಲು, ಎರಡು ಬಿಡಿ ಬಲ್ಬು ಹೇರಿಕೊಂಡು
ಉತ್ತರ ವೇಲ್ಸಿನ ಬೆಟ್ಟಗಳಲ್ಲಿ
ಶಾಲೆಯಿಂದ ಶಾಲೆಗೆ ತಿರುಗುವವನು.
ದೂರಿನ ಚೀಟಿಯಲ್ಲಿದ್ದದ್ದು ಇಷ್ಟೇ:
"ಮೂರನೇ ತರಗತಿ. ಮುಟ್ಟಿದಲ್ಲಿ ಮೂಡುತ್ತಿಲ್ಲ."

ಗಣಿ ಮುಚ್ಚಿದ ಮೇಲೂ ಉಳಿದುಕೊಂಡ ಊರು.
ಬೇಲಿಗೆ ಸ್ಲೇಟು, ಸೂರಿಗೆ ಸ್ಲೇಟು, ಗೋರಿಗೂ ಅದೇ.
ಬರೆಯಲು ಮಾತ್ರ ಈಗ
ಗೋಡೆ ತುಂಬ ಬೆಳ್ಳನೆಯ ಹಲಗೆ.

ಕ್ರಿಸ್‌ಮಸ್ಸಿಗೆ ಬಣ್ಣದ ಕಾಗದ ಕಟ್ಟುವಾಗ
ಯಾರದೋ ಏಣಿ ತಗುಲಿ
ಪ್ರೊಜೆಕ್ಟರು ಕತ್ತು ಹೊರಳಿಸಿದೆ.
ಬೆರಳಿಟ್ಟಲ್ಲಿ ಅಲ್ಲ, ನಾಲ್ಕು ಬೆರಳು ಬಲಕ್ಕೆ
ಮೂಡುತ್ತದೆ ಗೆರೆ. ಜನವರಿ ಹೋಯಿತು, ಮಾರ್ಚೂ ಹೋಯಿತು,
ಚೀಟಿ ನನ್ನ ಕೈ ಸೇರುವಾಗ ಮೇ.

ಪರದೆಯಲ್ಲಿ ಒಂಬತ್ತು ಕೂಡುವ ಗುರುತು.
ಒಂದೊಂದರ ನಡುವಿಗೂ ಒತ್ತುತ್ತ ಬಂದೆ.
ತನ್ನ ಮೈ ಎಲ್ಲಿದೆಯೆಂದು ಹಲಗೆಗೆ ನೆನಪಾಯಿತು.
ಎರಡು ನಿಮಿಷದ ಕೆಲಸ,
ಅದಕ್ಕೆ ಬಂದದ್ದು ನಲವತ್ತು ಮೈಲಿ.

"ಮಾಬ್ಲಿ, ಬರೆದು ನೋಡಮ್ಮ" ಅಂದರು ಪ್ರಾಬರ್ಟ್ ಟೀಚರು.
ಮುಂದಿನ ಹಲ್ಲು ಬಿದ್ದ ಹುಡುಗಿ ಬಂದಳು.
ಹದಿನಾರಕ್ಕೆ ಒಂಬತ್ತು ಕೂಡಿಸಿದರೆ? ಖಾಲಿ ಚೌಕ.
ಅವಳು ಚೌಕದ ಕಡೆ ಕಣ್ಣಿಟ್ಟು
ಅದರ ಎಡಕ್ಕೆ, ಸಲೀಸಾಗಿ, ಇಪ್ಪತ್ತೈದು ಬರೆದಳು.
ಉತ್ತರ ಸರಿ.
ಹೋಗಿ ಕೂತದ್ದು ಒಂಬತ್ತರ ತಲೆಮೇಲೆ.

"ಕೆಡಿಸಿಬಿಟ್ಟರು!" ಹಿಂದಿನ ಬೆಂಚಿನಿಂದ ಇಡ್ರಿಸ್.
ಮಾಬ್ಲಿ ತನ್ನ ಬೆರಳನ್ನು
ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

ಇಪ್ಪತ್ತಾರು ಮಕ್ಕಳು,
ಯಾರೂ ಹೇಳಿಕೊಡದೆ ಕಲಿತಿದ್ದರು:
ಎಷ್ಟು ತಪ್ಪಿದರೆ ಸರಿಹೋಗುತ್ತದೆಂಬ ಲೆಕ್ಕ.
ಪುಸ್ತಕದಲ್ಲಿ ಇಲ್ಲದ್ದು. ಮೊಣಕೈಗೆ ಗೊತ್ತಿರುವಂಥದ್ದು.

ಟೀಚರು ನನ್ನನ್ನು ಬಾಗಿಲ ಹತ್ತಿರ ಕರೆದರು.
"ಶುಕ್ರವಾರ ಇವರ ಅಪ್ಪ ಅಮ್ಮ ಬರುತ್ತಾರೆ.
ಮಕ್ಕಳೇ ಪಾಠ ಮಾಡಿ ತೋರಿಸಬೇಕು.
ಮೊದಲಿನ ಹಾಗೇ... ಆಗುತ್ತದೆಯೇ?"

ಹದಿನೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಹೀಗೆ.

ಮತ್ತೆ ಒಂಬತ್ತು ಗುರುತು ತರಿಸಿದೆ.
ನಾಲ್ಕು ಬೆರಳು ಅಳೆದು ಎಡಕ್ಕೆ ಒತ್ತಬೇಕು,
ಒತ್ತಹೋದೆ. "ಅಲ್ಲ" ಅಂದಳು ಮಾಬ್ಲಿ,
"ನಿಮ್ಮ ಬೆರಳು ದಪ್ಪ."
ಕುರ್ಚಿ ಎಳೆದು, ಹತ್ತಿ ನಿಂತು,
ಗುರುತಿನ ಪಕ್ಕ ತನ್ನ ಅಂಗೈ ಊರಿದಳು,
ಬಣ್ಣದ ಕಲೆಯ ಪುಟ್ಟ ನಾಲ್ಕು ಬೆರಳು.
ಅವು ಮುಗಿಯುವಲ್ಲಿ ನಾನು ಒತ್ತಿದೆ.
ಹೀಗೇ ಒಂಬತ್ತು ಸಲ.
ಮೇಲಿನ ಸಾಲಿಗೆ ಅವಳು ತುದಿಗಾಲು,
ಕೆಳಗಿನದಕ್ಕೆ ನಾನು ಮಂಡಿಯೂರಿ.

ಇಪ್ಪತ್ತೈದು ಚೌಕದೊಳಗೆ ಕೂತಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಅವರಿಗೆ ಅದು ಮಾಮೂಲು.

ವರದಿಯಲ್ಲಿ ಬರೆದೆ: ದೋಷ ಸರಿಪಡಿಸಲಾಗಿದೆ.
ಸಹಿಯ ಗೆರೆ ಎಲ್ಲಿದೆಯೆಂದು
ಎರಡು ಸಲ ನೋಡಿ ಸಹಿ ಹಾಕಿದೆ.
ಇಳಿಜಾರಿನಲ್ಲಿ, ಗೇರಿಗೆಂದು ಚಾಚಿದ ಕೈ
ಅರೆಗಳಿಗೆ ಗಾಳಿ ಹಿಡಿದು ನಿಂತಿತು.