ಮೂರನೇ ಚಿಕ್ಕಿ

ಸಾಸಿವಿ ಡಬ್ಬಿ ಕೈಜಾರಿ ಬಿದ್ದು
ಸಪ್ತಾಪುರದ ಆ ಬಾಡಿಗಿ ಖೋಲಿ ತುಂಬ ಕಾಳು.
ಆರಿಸಿಕೋತ ಕುಂತಾಗ ಮುಮತಾಜ್ ಲೆಕ್ಕ ಹಾಕಿದಳು:
ಚಿಕ್ಕಿ ಒಂದು ಈ ಕಾಳಿನಷ್ಟಿದ್ದರ
ಗೋಳಗುಚ್ಛದ ನಟ್ಟನಡುವಿನ ಗದ್ದಲದಾಗೂ
ಅದರ ನೆರೆಮನಿ ಕಾಳು ಇರೋದು ನವನಗರದಾಗ.
"ಹಂಗಾರ ಇದು ಸಂತಿ ಅಲ್ಲ ಬಿಡು," ಅಂದಳು ಕಸ್ತೂರಿ,
"ಬಯಲು."

ದೂರ ನಿಂತು ನೋಡಿದವರಿಗೆ ಹಿಟ್ಟಿನುಂಡಿ,
ಒಳಗ ಹೊಕ್ಕವರಿಗೆ ಎರಡು ಹರದಾರಿ ಕತ್ತಲಿ.

ಡಿಕ್ಕಿ ಹೊಡೆಯೋದಿಲ್ಲ ಯಾವುವೂ.
ಸುಮ್ಮನ ಜಗ್ಗತಾವ ಒಂದನ್ನೊಂದು,
ಕೋಟಿ ಸಲ, ಕಣ್ಣಿಗೆ ಕಾಣದಷ್ಟು ಸಣ್ಣಾಗಿ.
ಜಗ್ಗಾಡಿ ಜಗ್ಗಾಡಿ
ತೂಕದವು ಒಳಗ ಇಳೀತಾವ,
ಹಗೂರನ್ನವು ಅಂಚಿಗೆ ಸರೀತಾವ.
ಮೊರದಾಗ ಜೋಳ ಕೇರಿದಂಗ ಅಂತ ಬರದಿದ್ದೆ.
ಹಲಗೇರಿ ಸರ್ ಕೆಂಪು ಪೆನ್ನಿಲೆ ಹೊಡದಹಾಕಿದರು:
"ಮೊರಕ್ಕ ಕೈ ಅದಾವ. ಇದಕ್ಕಿಲ್ಲ."

ಮುಂದ ನಡು ಕುಸೀಬೇಕು. ಕುಸಿಯೋದಿಲ್ಲ,
ಯಾಕಂದರ ಅಲ್ಲಿ ಜೋಡಿ ಚಿಕ್ಕಿ ಇರತಾವ.
ಮೂರನೇದೊಂದು ಹಾದಿ ತಪ್ಪಿ ಹತ್ತರ ಬಂದರ
ಜೋಡಿ ಇನ್ನಷ್ಟು ಬಿಗೀತಾವ,
ಆ ಬಿಗುವಿನ ಬಲಾನೇ ಕೊಟ್ಟು
ಮೂರನೇದನ್ನ ಬೀಸಿ ಒಗೀತಾವ.
ಆರು ತಿಂಗಳು ಇದನ್ನ ಕಂಪ್ಯೂಟರಿನಾಗ ಓಡಿಸಿದ್ವಿ,
ಕರೆಂಟ್ ಹೋದಾಗೊಮ್ಮೆ ಮೊದಲಿಂದ.
ಹೆಚ್ಚಾಗಿ ಒಗದದ್ದು ಹಗೂರ ಇದ್ದದ್ದನ್ನ.

ಆ ವರ್ಷ ಶ್ರಾವಣದಾಗ
ಪ್ರಬಂಧದ ಮ್ಯಾಲ ಎರಡು ಹೆಸರು ಬರದ್ವಿ, ನಂದು, ಮುಮತಾಜಂದು.
ಕೋಷ್ಟಕದಾಗಿನ ಎಣಿಕಿ ಮಾತ್ರ ಕಸ್ತೂರೀದು,
ಹನ್ನೊಂದು ಸಾವಿರ ಚಿಕ್ಕಿ, ಒಂದೊಂದಾಗಿ.
ಚಾದ ಕಪ್ಪು ತೊಳದಿಟ್ಟು, ಟ್ರಂಕು ಹಿಡಕೊಂಡು
ಆಕಿ ಹಿರೇಕೆರೂರ ಬಸ್ಸು ಹತ್ತಿದಳು.
ಜಗಳಾಗಲಿಲ್ಲ.
ಡಿಕ್ಕಿ ಹೊಡೆಯೋದಿಲ್ಲ ಯಾವುವೂ.

ಇಪ್ಪತ್ತೆರಡು ವರ್ಷಕ್ಕ ಮೊನ್ನೆ ಫೋನು, ರಾತ್ರಿ ಹನ್ನೊಂದಕ್ಕ:
"ಸಾಲಿ ಮಾಳಿಗಿ ಮ್ಯಾಲಿದ್ದೀನಿ, ಹುಡುಗೂರ ಜೋಡಿ.
ತೆಂಕಣಕ್ಕ ನೋಡು, ಒಮೆಗಾ ಸೆಂಟಾರಿ ಎದ್ದೈತಿ.
ಬೈನಾಕ್ಯುಲರಿನಾಗ ಸುಣ್ಣದ ಬೆರಳು ಒತ್ತಿದಂಗ ಕಾಣತೈತಿ.
ಒಬ್ಬಾಕಿ ಕೇಳತಾಳ,
ಒಗದ ಚಿಕ್ಕಿ ಎಲ್ಲಿಗೆ ಹೋಗತಾವ ಟೀಚರ್ ಅಂತ.
ಕೇಳಿ ಹೇಳತೀನಿ ಅಂದೆ."

ಅಂಗಳಕ್ಕ ಬಂದೆ. ಬೀದಿದೀಪ, ತೆಂಗಿನ ಗರಿ,
ಎದುರಿಗೆ ಹೊಸದಾಗಿ ಎದ್ದ ನಾಕು ಅಂತಸ್ತು.
ನನಗ ಕಾಣಲಿಲ್ಲ.
"ಎಲ್ಲಿಗೆ ಅಂತ ಗೊತ್ತಿಲ್ಲ," ಅಂದೆ,
"ವೇಗ ಮಾತ್ರ ಬಂದಿರತೈತಿ. ಉಳಿದವಕ್ಕಿಂತ ಹೆಚ್ಚು."
ಆ ಕಡೆ ಆಕಿ ಏನೂ ಅನಲಿಲ್ಲ.
ಹುಡುಗೂರ ಗದ್ದಲ;
ತನ್ನ ಪಾಳಿ, ತನ್ನ ಪಾಳಿ ಅಂತ
ಬೈನಾಕ್ಯುಲರ್ ಹಿಡದು ಜಗ್ಗಾಡತಿದ್ದರು.