ಷರಾ

ಗ್ದಿನ್ಯಾ ಬಂದರಿನಲ್ಲಿ ನವೆಂಬರ್ ಎಂದರೆ
ಮೂರೂವರೆಗೇ ಸಂಜೆ; ಬೀಗಕ್ಕೂ ಚಳಿ.
ಹುಡುಗ ಸೀಲು ಕತ್ತರಿಸಿದ,
ನಂಬರು ಓದಿ ಹೇಳಿದ, ಬರೆದುಕೊಂಡೆ.
ಕಂಟೇನರಿನ ಬಾಗಿಲು ತೆರೆದದ್ದೇ ತಡ
ಒಳಗಿನಿಂದ ಮುಖಕ್ಕೆ ಬಂತೊಂದು ಉಸಿರು:
ಬೂಷ್ಟಿನದು, ಒದ್ದೆ ರಟ್ಟಿನದು,
ನಲವತ್ತೆಂಟು ದಿನ ಮಾತಾಡದೆ ಕೂತ ಬಾಯಿಯದು.

ಚಟ್ಟಗ್ರಾಮದಲ್ಲಿ ತುಂಬಿದ ದಿನ ಮಳೆಯಿತ್ತಂತೆ.
ಆ ಊರ ಗಾಳಿಯನ್ನೂ ಸೇರಿಸಿಯೇ ಬಾಗಿಲು ಹಾಕಿದ್ದಾರೆ;
ಸರಕಿನ ಪಟ್ಟಿಯಲ್ಲಿ ಗಾಳಿಗೆ ಲೆಕ್ಕವಿಲ್ಲ.
ಕಾದ ಕಬ್ಬಿಣ ಉತ್ತರಕ್ಕೆ ಬಂದಂತೆಲ್ಲ ತಣಿದು,
ಗಾಳಿ ಬೆವರಿ, ಸೂರಿಗೆ ಹನಿ ಕಟ್ಟಿ,
ಬಿಸ್ಕೇ ಕೊಲ್ಲಿ ದಾಟುವ ಹೊತ್ತಿಗೋ ಏನೋ
ಆಕಾಶವೇ ಇಲ್ಲದ ಜಾಗದಲ್ಲಿ
ಮಳೆ ಬಂದಿದೆ.
ಹನ್ನೊಂದು ಸಾವಿರದ ಚಿಲ್ಲರೆ ಅಂಗಿಗಳು ನೆನೆದಿವೆ,
ನಡುಗಲು ಒಳಗೊಂದು ಮೈಯಿಲ್ಲದೆ.
ತೇವ ಹೀರಲೆಂದು ತೂಗುಹಾಕಿದ ಚೀಲಗಳು
ಹಾಲು ಕುಡಿದು ಮಲಗಿದ ಕೂಸುಗಳ ಹಾಗೆ
ಉಬ್ಬಿ ಜೋಲುತ್ತಿದ್ದವು.

ನನ್ನ ಕಸುಬೆಲ್ಲ ಒಂದೇ ಪ್ರಶ್ನೆ: ಈ ನೀರು ಯಾರದು?
ಸಮುದ್ರದ್ದಾದರೆ ವಿಮೆಯವರು ಕೊಡುತ್ತಾರೆ.
ಸರಕು ತಾನೇ ಬೆವರಿದ್ದಾದರೆ ಯಾರೂ ಕೊಡುವುದಿಲ್ಲ;
ನಷ್ಟ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು
ಹೊಲಿದವರ ಬಾಗಿಲು ತಟ್ಟುತ್ತದೆ.
ಅಷ್ಟು ದೂರ ನಡೆದರೂ ಅದಕ್ಕೆ ದಣಿವಿಲ್ಲ.

ಜೇಬಿನಲ್ಲಿ ಕಂದು ಸೀಸೆ, ಸಿಲ್ವರ್ ನೈಟ್ರೇಟು.
ಒದ್ದೆಯ ಮೇಲೊಂದು ತೊಟ್ಟು.
ಉಪ್ಪಿದ್ದರೆ ಹಾಲಾಗುತ್ತದೆ,
ಇಲ್ಲದಿದ್ದರೆ ನೀರು ನೀರೇ.
ಸೂರು, ನೀರು. ಎಡಗೋಡೆ, ನೀರು.
ಬಾಗಿಲ ರಬ್ಬರು, ನೆಲದ ಹಲಗೆ, ನೀರು, ನೀರು.
ಮುನ್ನೂರ ಹದಿನೇಳನೆಯ ಪೆಟ್ಟಿಗೆ—
ಹಾಲು.

ಮೂಲೆಯ ಹತ್ತಿರ, ಹೆಬ್ಬೆರಳಷ್ಟೇ ಜಾಗ.
ಇನ್ನೊಂದು ತೊಟ್ಟು ಬಿಟ್ಟೆ, ಅದರ ಪಕ್ಕ ಮತ್ತೊಂದು.
ಕಂದು ರಟ್ಟಿನೊಳಗಿಂದ ಮೆಲ್ಲಗೆ ಬೆಳ್ಳಗೆ
ಎದ್ದು ಬಂತು ಒಂದು ಅಂಗೈ.

ಹಿಂದೆ ನಿಂತಿದ್ದ ಕೊಳ್ಳುವವರ ಕಡೆಯ ತ್ಸೆಜಾರಿ.
"ಉಪ್ಪು! ಸಮುದ್ರ ಅಂತ ಬರೆದುಬಿಡಿ ಹಾಲಿನಾ,
ಎಲ್ಲರಿಗೂ ಒಳ್ಳೆಯದು. ನನಗೆ, ಅಂಗಡಿಗೆ,
ಅಲ್ಲಿ ಹೊಲಿದರಲ್ಲ, ಅವರಿಗೂ."
ಕೊನೆಯ ಮಾತು ಸುಳ್ಳಾಗಿರಲಿಲ್ಲ.
ಅದೇ ಕಷ್ಟ.

ನನ್ನಮ್ಮ ನೂಲು ತೆಗೆದದ್ದು ವೂಚ್ ನಗರದಲ್ಲಿ.
ನಮ್ಮ ಮಾತಿನಲ್ಲಿ ಆ ಹೆಸರಿಗೆ ದೋಣಿ ಎಂದರ್ಥ;
ಸಮುದ್ರ ಮಾತ್ರ ಮುನ್ನೂರು ಕಿಲೋಮೀಟರು.
ಪಾಳಿ ಮುಗಿಸಿ ಬಂದು ನಿಲುವಂಗಿ ಕಳಚಿದರೆ
ಬೆನ್ನಿನ ಬಟ್ಟೆಗೆ ಬಿಳಿ ಗೆರೆ,
ಅಲೆ ಹಿಂದೆ ಸರಿದ ದಂಡೆಯ ಹಾಗೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಉಪ್ಪು ಸುರಿಸಿದವರು?

ನಮೂನೆಯಲ್ಲಿ ಇರುವುದು ಎರಡೇ ಚೌಕ:
ಸಮುದ್ರದ ನೀರು. ಸಿಹಿನೀರು.
ಪೆನ್ನು ಚಳಿಗೆ ಕೈಕೊಟ್ಟಿತು,
ಬಾಯಿಹಬೆ ಊದಿ ಊದಿ ಎಬ್ಬಿಸಿದೆ.
ಸಿಹಿನೀರಿಗೆ ಗುರುತು ಹಾಕಿದೆ.
ಕೆಳಗೆ, ಯಾರೂ ಓದದ ಷರಾ ಕಾಲಮ್ಮಿನಲ್ಲಿ:
ಪೆಟ್ಟಿಗೆ ೩೧೭. ಉಪ್ಪು ಇದೆ. ಮೂಲ: ಕೈ.
ಮತ್ತೆ ಯೋಚಿಸಿ, ಬಲಗೈ.

ಆ ಸಂಜೆ ತ್ಸೆಜಾರಿ ಕಾರಿನಲ್ಲಿ ಬಿಡಲಿಲ್ಲ.
ಬಸ್ಸಿಗೆ ನಿಂತಾಗ ನೆನಪಾಯಿತು,
ನಾನು ಕೈಗವಸು ಹಾಕಿಯೇ ಇರಲಿಲ್ಲ.
ಬೆಳಗಾಗುವಾಗ ಹೆಬ್ಬೆರಳ ತುದಿ ಕಪ್ಪು;
ಬೆಳಕು ಕಂಡರೆ ಬೆಳ್ಳಿ ಹಾಗೆಯೇ.
ಸೋಪಿಗೆ ಜಗ್ಗಲಿಲ್ಲ, ನಿಂಬೆಗೆ ಜಗ್ಗಲಿಲ್ಲ.
ಬ್ರೆಡ್ಡು ಮುರಿಯುವಾಗ ಇತ್ತು, ಗುಂಡಿ ಹಾಕಿಕೊಳ್ಳುವಾಗ ಇತ್ತು,
ಮೊಮ್ಮಗಳ ಜಡೆಯಲ್ಲಿ ಸ್ವಲ್ಪ ಹೊತ್ತು ಇತ್ತು.

ಒಂಬತ್ತನೆಯ ದಿನ ಸಿಪ್ಪೆಯಾಗಿ ಉದುರಿತು.
ಬಂದರಿನಿಂದ ಫೋನು, ಇನ್ನೊಂದು ಹಡಗು.
ಗಂಬೂಟು ಹುಡುಕಿದೆ.